ಫೋಕಸ್ ತಪ್ಪದ ಕ್ಯಾಮೆರಾ

ಮದ್ದೂರು ಪೇಟೆಬೀದಿಯ ನನ್ನ ಫೋಟೋ ಲ್ಯಾಬಿಗೆ ಬಂದು "ಫೋಕಸ್ ತಪ್ಪೋ ಕ್ಯಾಮೆರಾ ಐತಾ ಅಣ್ಣ?" ಎಂದು ಕೇಳಿದವನು ಇಷ್ಟು ವರ್ಷದ ವ್ಯಾಪಾರದಲ್ಲಿ ಒಬ್ಬನೇ ಒಬ್ಬ. ಅವನು ದೊಡ್ಡಿ ರಘು. ಬೋರ್ಡಿನ ಮೇಲೆ ಭಾರತೀನಗರ ಅಂತಿದ್ದರೂ ನಮ್ಮ ಬಾಯಿಗೆ ಅದು ದೊಡ್ಡಿಯೇ. ಅಲ್ಲಿ ಕಾಲೇಜಿನ ಹತ್ತಿರ ಅವನ ಸ್ಟುಡಿಯೋ. ಮಟಮಟ ಮಧ್ಯಾಹ್ನ ಬಂದವನು ತನ್ನ ಕ್ಯಾಮೆರಾವನ್ನು ನನ್ನ ಮೇಜಿನ ಮೇಲಿಟ್ಟ. ಅದರ ಲೆನ್ಸನ್ನು ಗೋಡೆಯ ಕಡೆಗೆ ತಿರುಗಿಸಿ, ಹಿಂದೆ ಸರಿದು ನಿಂತ.

"ಇದ್ನ ನೀನೇ ಮಡೀಕೊ ಸಂತೋಸಣ್ಣ. ನಿನ್ನ ಹಳೇದು ಮೂಲೇಲಿ ಬಿದ್ದದಲ್ಲ, ಅದ್ನ ಕೊಡು."

"ಯಾಕ್ಲಾ, ಇದು ಕೆಟ್ಟೋಯ್ತಾ?"

"ಕೆಟ್ಟಿಲ್ಲ ಕಣಣ್ಣ. ಅದೇ ಕಷ್ಟ. ಒಂದ್ಸಲ ಇಡ್ಕಂಡ್ರೆ ಬುಡಕಿಲ್ಲ."

ಬೇರೆ ದಿನವಾಗಿದ್ದರೆ ನಾನು ಅಂಗಡಿ ಬಾಗಿಲಿಗೆ ಬಂದು ಬೀದಿಗೆಲ್ಲ ಕೇಳುವ ಹಾಗೆ ಸಾರುತ್ತಿದ್ದೆ. ಅವನ ಕ್ಯಾಮೆರಾ ದೊಡ್ಡದೋ ನನ್ನದು ದೊಡ್ಡದೋ ಎಂಬ ಜಗಳ ನಮ್ಮಿಬ್ಬರ ನಡುವೆ ಎಷ್ಟೋ ವರ್ಷದಿಂದ ನಡೆದಿತ್ತು. ಆದರೆ ಹಿಂದಿನ ವಾರ ಮಳವಳ್ಳಿ ದಾಟಿ ಹೊಳೆ ದಡದಲ್ಲಿ, ಇದೇ ಕ್ಯಾಮೆರಾದ ಮುಂದೆ, ಮದುವೆ ನಿಶ್ಚಯವಾಗಿದ್ದ ಹುಡುಗಿಯೊಬ್ಬಳು ನೀರು ಪಾಲಾಗಿದ್ದಳು. ಅವಳು ಬೆಸಗರಹಳ್ಳಿಯ ಮಹದೇವಮ್ಮನ ಮಗಳು ವೀಣ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಹೋಗಿದ್ದವಳು. ಹಾಗಾಗಿ ನಾನು ಬಾಯಿ ಮುಚ್ಚಿಕೊಂಡು ಅವನಿಗೆ ಕುರ್ಚಿ ಎಳೆದು ಕೊಟ್ಟೆ.

ರಘುನಂದನ್ ಅನ್ನುವ ಚಂದದ ಹೆಸರು ಅವನ ಆಧಾರ್ ಕಾರ್ಡಿಗೆ ಮಾತ್ರ. ಅಪ್ಪ ದೊಡ್ಡಸಿದ್ದಯ್ಯ ಕಾರ್ಖಾನೆಗೆ ಕಬ್ಬು ಹಾಕುವವರು. ಮಗ ಅದೇ ಕಾರ್ಖಾನೆಯಲ್ಲಿ ಒಂದು ಕೆಲಸ ಹಿಡಿಯಲಿ ಅಂತ ಅವರಿಗಿತ್ತು. ಮಗನಿಗೆ ರೀಲು ಕ್ಯಾಮೆರಾದ ಹುಚ್ಚು. ಮಂಡ್ಯದ ಸ್ಟುಡಿಯೋವೊಂದರಲ್ಲಿ ಲೈಟು ಹೊತ್ತು, ಬೈಗುಳ ತಿಂದು ಕಲಿತ. ಊರಿಗೆ ಬಂದು ಅಂಗಡಿ ಹಾಕಿದ ಮೇಲೆ ಕುಸುಮಳನ್ನು ಮದುವೆಯಾದ. ಅವಳು ಕಂಪ್ಯೂಟರಿನಲ್ಲಿ ಆಲ್ಬಂ ಮಾಡುತ್ತಾಳೆ, ಇವನು ಊರೂರು ಸುತ್ತುತ್ತಾನೆ. ಸುತ್ತಿನ ಹಳ್ಳಿಗಳಲ್ಲಿ ನಾಮಕರಣದಿಂದ ಹಿಡಿದು ತಿಥಿಯವರೆಗೆ ಅವನು ನುಗ್ಗದ ಮನೆಯಿಲ್ಲ.

ನಮ್ಮ ಕಡೆ ಫೋಟೋದವರಲ್ಲಿ ಎರಡು ಪಂಗಡ, ಹಳದಿ ಪಟ್ಟಿಯವರು ಮತ್ತು ಕೆಂಪು ಪಟ್ಟಿಯವರು. ಕ್ಯಾಮೆರಾದ ಜೊತೆ ಬರುವ ಕೊರಳ ಪಟ್ಟಿಯ ಬಣ್ಣ ನೋಡಿ ಇಟ್ಟ ಹೆಸರು. ಕಂಪನಿಗಳ ಹೆಸರು ಹೇಳಿ ಪುಕ್ಕಟೆ ಜಾಹೀರಾತು ಕೊಡಲು ನನಗೇನು ಹುಚ್ಚೇ? ನಾನು ಕೆಂಪು, ರಘು ಹಳದಿ. ಎಲ್ಲಿ ಸೇರಿದರೂ ಅದೇ ರಾಮಾಯಣ. "ನಮ್ದು ಬಿದ್ರೆ ಎದ್ದು ಕೂತ್ಕತದೆ, ನಿಮ್ದು ಬಿದ್ರೆ ಅಲ್ಲೇ ಗೊಟಕ್" ಅಂತ ನಾನು. "ಎದ್ದು ಕೂತ್ಕಂಡ್ ಏನ್ ಮಾಡ್ತದೆ? ಕಣ್ಣೇ ಕಾಣಕಿಲ್ವಲ್ಲ" ಅಂತ ಅವನು. ನನ್ನದು ಮಳವಳ್ಳಿಯ ಮದುವೆ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲಿಂದ ಉರುಳಿ ಬಿದ್ದೂ ಮಾರನೆಯ ದಿನದ ಧಾರೆಗೆ ಕೆಲಸ ಮಾಡಿತ್ತು. ಅವನದು ಆಲೆಮನೆಯ ಹಬೆ, ಚಪ್ಪರದ ದೂಳು, ಅರಿಸಿನದ ನೀರು ಎಲ್ಲವನ್ನೂ ಕುಡಿದು ಗಟ್ಟಿಯಾಗಿತ್ತು. ಬಾಳಿಕೆಯ ಲೆಕ್ಕದಲ್ಲಿ ಇಬ್ಬರೂ ಸೋಲುತ್ತಿರಲಿಲ್ಲ.

ಫೋಕಸ್ಸಿನ ಮಾತು ಬಂದರೆ ಮಾತ್ರ ನಾನು ಮೆತ್ತಗಾಗಬೇಕಿತ್ತು. ಒಂದು ವರ್ಷ ಎತ್ತಿನಗಾಡಿ ಓಟದಲ್ಲಿ ಇದನ್ನು ಇತ್ಯರ್ಥ ಮಾಡಿಯೇ ಬಿಡೋಣ ಅಂತ ಇಬ್ಬರೂ ಗೆರೆಯ ಹತ್ತಿರ ಕೂತೆವು. ಗಾಡಿ ದೂಳೆಬ್ಬಿಸಿಕೊಂಡು ಮೈಮೇಲೆ ಬಂತು. ನನ್ನ ಚಿತ್ರದಲ್ಲಿ ಎತ್ತು ಮಸುಕಾಗಿ, ಹಿಂದೆ ನಿಂತಿದ್ದ ಯಾರದೋ ಟೋಪಿ ಸ್ಪಷ್ಟವಾಗಿ ಬಂದಿತ್ತು. ಅವನ ಚಿತ್ರದಲ್ಲಿ ಎತ್ತಿನ ರೆಪ್ಪೆ ಮೇಲಿನ ದೂಳು ಎಣಿಸಬಹುದಿತ್ತು. ಹೋದ ವರ್ಷ ಅವನು ಹೊಸ ಮಾದರಿಯದು ತಂದ ಮೇಲಂತೂ ಸ್ಪರ್ಧೆಯೇ ಉಳಿಯಲಿಲ್ಲ. ಅದರೊಳಗೆ ಇಣುಕಿದರೆ ಎದುರಿನವರ ಕಣ್ಣಿನ ಮೇಲೆ ಒಂದು ಸಣ್ಣ ಹಸಿರು ಚೌಕ ಬಂದು ಕೂರುತ್ತದೆ. ಅವರು ಓಡಲಿ, ಕುಣಿಯಲಿ, ಕಂಬದ ಹಿಂದೆ ಹೋಗಿ ಬರಲಿ, ಚೌಕ ಕಣ್ಣು ಬಿಟ್ಟು ಅಲ್ಲಾಡುವುದಿಲ್ಲ. ಗುಂಡಿ ಒತ್ತಿ ಹಿಡಿದರೆ ಚಿತ್ರಗಳು ಸದ್ದಿಲ್ಲದೆ ಸಾಲಾಗಿ ಬೀಳುತ್ತಾ ಹೋಗುತ್ತವೆ. "ಇನ್ಮೇಲೆ ನಾನ್ ನೋಡೋದೇ ಬ್ಯಾಡ ಕಣಣ್ಣ, ಅದೇ ನೋಡ್ಕತದೆ" ಅಂತ ರಘು ನನ್ನ ಅಂಗಡಿಯಲ್ಲೇ ಕೂತು ಹೇಳಿದ್ದ.

ಹೊಳೆಯ ಸುದ್ದಿ ಊರಿಗೆ ಬಂದದ್ದು ಹೀಗೆ. ವೀಣ, ಅವಳನ್ನು ಮದುವೆಯಾಗಬೇಕಿದ್ದ ಹರ್ಷವರ್ಧನ, ರಘು, ಮೂವರೇ ಹೋಗಿದ್ದರು. ಹರ್ಷ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿರುವ, ಹತ್ತು ಮಾತಿಗೆ ಒಂದು ಮಾತಾಡುವ ಹುಡುಗ. ವೀಣ ಬಂಡೆಯಿಂದ ಜಾರಿ ನೀರಿಗೆ ಬಿದ್ದಾಗ ಅವನು ಅದೇ ದಡದ ಮೇಲೆ, ಅವಳಿಗೆ ಬೆನ್ನು ಮಾಡಿ ನಿಂತಿದ್ದ. ರಘು ಕಿರುಚಿದ ಮೇಲೆ ತಿರುಗಿ ನೀರಿಗೆ ಹಾರಿದನಂತೆ. ಮೀನು ಹಿಡಿಯುವವರು ಅವನನ್ನು ಎಳೆದು ಹಾಕಿದರು. ಹುಡುಗಿ ಸಿಕ್ಕಿದ್ದು ಬಹಳ ಕೆಳಗೆ, ಮಾರನೆಯ ದಿನ.

ಪೊಲೀಸರು ಬಂದು ಮಹಜರು ಮಾಡಿ, ರಘುವಿನ ಕ್ಯಾಮೆರಾದ ಕಾರ್ಡನ್ನೂ ನೋಡಿ, ಕಾಲು ಜಾರಿದ ಸಾವು ಅಂತ ಬರೆದುಕೊಂಡು ಹೋದರು. ಊರಿನ ಬಾಯಿಗೆ ಮಹಜರು ಸಾಕಾಗುತ್ತದೆಯೇ? ನೀರಿಗೆ ಬಿದ್ದ ಸದ್ದು ಕೇಳಿಯೂ ಬೆನ್ನು ಮಾಡಿ ನಿಂತಿದ್ದನಲ್ಲ, ಇವನೇನು ಗಂಡಸೋ ಕಲ್ಲೋ ಅಂದರು. ಬೇರೆ ಯಾರ ಮೇಲೋ ಮನಸ್ಸಿತ್ತು, ಪೀಡೆ ಕಳೆಯಿತು ಅಂತ ಸುಮ್ಮನಿದ್ದ ಅಂದರು. ಹರ್ಷ ಹೇಳಿದ್ದು ಒಂದೇ ಮಾತು, "ಏನೇ ಸದ್ದಾದ್ರೂ ತಿರುಗ್ಬ್ಯಾಡ ಅಂತ ರಘಣ್ಣ ಏಳಿದ್ರು." ರಘುವನ್ನು ಕೇಳಿದರು. ಅವನು, "ನಂಗೇನೂ ಗೊತ್ತಿಲ್ಲ. ಫೋಕಸ್ ತಪ್ಪೋಗಿತ್ತು, ತಲೆ ಬಗ್ಗಿಸ್ಕಂಡು ಕ್ಯಾಮೆರಾ ಸರಿಮಾಡ್ತಿದ್ದೆ, ಏನೂ ಕಾಣ್ನಿಲ್ಲ" ಅಂದುಬಿಟ್ಟ. ಅಲ್ಲಿಗೆ ಹುಡುಗನ ಮಾತು ಸುಳ್ಳಾಯಿತು.

ಫೋಕಸ್ ತಪ್ಪಿತು ಅನ್ನುವ ಮಾತು ನನ್ನ ಕಿವಿಗೆ ಬಿದ್ದ ದಿನವೇ ನನಗೆ ಅದು ಸರಿಬರಲಿಲ್ಲ. ಎತ್ತಿನ ರೆಪ್ಪೆ ಹಿಡಿದವನು ಹಗಲು ಬೆಳಕಿನಲ್ಲಿ ಹುಡುಗಿಯ ಮುಖ ತಪ್ಪಿಸಿಕೊಂಡನೇ? ಕೇಳೋಣ ಅಂದುಕೊಂಡೆ, ಕೇಳಲಿಲ್ಲ. ಕುಸುಮ ಮಾತ್ರ ಒಮ್ಮೆ ಫೋನು ಮಾಡಿ ಅತ್ತಿದ್ದಳು. "ಅಣ್ಣ, ಬಕೆಟ್ನಲ್ಲಿ ನೀರು ತುಂಬ್ಸಂಗಿಲ್ಲ, ಮುಚ್ಚಳ ಮುಚ್ಚು ಅಂತಾರೆ. ನನ್ ಮುಖ ನೋಡಿ ಮಾತಾಡ್ತಿಲ್ಲ. ನೋಡುದ್ರೆ ಕಣ್ ಮೇಲೆ ಚೌಕ ಬತ್ತದೆ ಅಂತಾರೆ. ಯಾವ್ ಚೌಕ ಅಣ್ಣ?" ಅಂದಳು. ಅದೆಲ್ಲ ಹೋಗ್ತದೆ ಬುಡವ್ವ ಅಂದು ಫೋನಿಟ್ಟಿದ್ದೆ.

ಆ ಮಧ್ಯಾಹ್ನ ರಘು ನನ್ನ ಹಳೆಯ ಕ್ಯಾಮೆರಾ ಕೈಗೆತ್ತಿಕೊಂಡು ಬೀದಿಯ ಕಡೆ ಹಿಡಿದ. ಅದು ಮುದಿ ಎತ್ತು. ಲೆನ್ಸು ಗರಗರ ಅಂತ ಹಿಂದೆ ಮುಂದೆ ಹೊರಳಿ, ಹೂವು ಮಾರುವವಳನ್ನು ಹುಡುಕಲಾರದೆ, ಕೊನೆಗೆ ಲೈಟು ಕಂಬಕ್ಕೆ ಹೋಗಿ ನಿಂತಿತು. ಅವನ ಮುಖದಲ್ಲಿ ಆ ದಿನ ಮೊದಲ ಸಲ ರಕ್ತ ಆಡಿತು.

"ಇದು ಬುಟ್ಬುಡ್ತದೆ ಕಣಣ್ಣ" ಅಂದ. "ಎಷ್ಟ್ ಒಳ್ಳೇದು. ಮಂಡ್ಯದಲ್ಲಿ ಇನ್ನೂ ಮೂರ್ನಾಕು ನೋಡ್ಕಂಡ್ ಬಂದೆ. ಯಾವ್ದೂ ಬುಡಕಿಲ್ಲ. ಎಲ್ಲಾವೂ ಕಣ್ಣೇ ಉಡುಕ್ತವೆ."

ಅಷ್ಟರಲ್ಲಿ ಅಂಕಯ್ಯ ಬಂದರು. ಅವರು ಸತ್ತ ಹುಡುಗಿಯ ಸೋದರಮಾವ, ಮಹದೇವಮ್ಮನ ತಮ್ಮ. ತಿಥಿಗೆ ಹೂವಿನ ಹಾರ ಹಾಕಿ ಇಡಲು ದೊಡ್ಡ ಫೋಟೋ ಬೇಕಿತ್ತು. ಆಧಾರ್ ಕಾರ್ಡಿನ ಚಿತ್ರವೊಂದನ್ನು ಮುಂದಿಟ್ಟರು. ಅದರಲ್ಲಿ ಯಾರಿಗೂ ಯಾರ ಹೋಲಿಕೆಯೂ ಇರುವುದಿಲ್ಲ, ನಿಮಗೆ ಗೊತ್ತೇ ಇದೆ.

"ಇದ್ನೇ ಕೊಟ್ರೆ ನಮ್ಮಕ್ಕ ಎಸೀತಾಳೆ" ಅಂದರು ಅಂಕಯ್ಯ. ಆಮೇಲೆ ರಘುವನ್ನು ನೋಡಿ, "ಅವತ್ತಿಂದು ಯಾವ್ದೂ ಸರಿಯಾಗಿ ಬಂದಿಲ್ವೇನಪ್ಪ? ಕೊನೇಲಿ ನನ್ ಮಗ ಎಂಗಿದ್ಲು ಅಂತ ಒಂದೇ ಕ್ಯಾತೆ ತಗ್ದವ್ಳೆ" ಅಂದರು. ನಮ್ಮ ಕಡೆ ಮುದ್ದಿಗೆ ಹೆಣ್ಣುಮಕ್ಕಳನ್ನೂ ಮಗ ಅನ್ನುತ್ತೇವೆ.

ರಘು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಇಲ್ಲ ಅನ್ನುವಂತೆ ತಲೆಯಾಡಿಸಿದ.

"ಓಗ್ಲಿ ಬುಡು. ಆ ಉಡ್ಗನ ತಾಯಿ ನೆನ್ನೆ ಬಂದಿದ್ರು, ತಿಥಿ ದಿನ ಮಗ ಒಂದೇ ಒಂದ್ ಹಿಡಿ ಹೂವ ಹಾಕ್ಬುಟ್ಟು ಓಯ್ತಾನೆ ಅಂತ. ನಾನೇ ಬಾಗ್ಲಲ್ಲಿ ನಿಲ್ಸಿ ವಾಪಸ್ ಕಳಿಸ್ದೆ. ಬೆನ್ನ್ ತೋರ್ಸ್ದವ್ನು ಹೂವ ಬೇರೆ ಹಾಕ್ಬೇಕಾ? ಅವ್ನು ಫ್ಯಾಕ್ಟ್ರಿಗೂ ಓಯ್ತಿಲ್ವಂತೆ. ಬಸ್ಸಲ್ಲಿ ಜನ ಉಗೀತಾರಂತೆ. ಉಗೀಲಿ."

ಅಂಕಯ್ಯ ಹೋದರು. ನಾನು ಅಂಗಡಿಯ ಅರ್ಧ ಬಾಗಿಲು ಎಳೆದು ಬಂದೆ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಆಗ ಇನ್ನೂ ಖಾತ್ರಿ ಇರಲಿಲ್ಲ.

"ರಘು, ನಿನ್ ಕ್ಯಾಮೆರಾದಲ್ಲಿ ಕಾರ್ಡು ಎರಡ್ ಇರ್ತವೆ. ಒಂದು ಕೆಟ್ರೆ ಇನ್ನೊಂದ್ರಲ್ಲಿ ಇರ್ಲಿ ಅಂತ ನಾವೆಲ್ಲ ಎರಡಕ್ಕೂ ಬರೆಸ್ತೀವಿ. ಪೊಲೀಸ್ನೋರ್ಗೆ ಒಂದು ತೋರ್ಸ್ದೆ. ಇನ್ನೊಂದೆಲ್ಲಿ?"

ಅವನು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೂರಿನಲ್ಲಿ ಸುತ್ತಿದ ಕಾರ್ಡು ತೆಗೆದ. "ಒಂದ್ರಲ್ಲಿ ಅಳಿಸ್ದೆ ಅಣ್ಣ. ಇದ್ರಲ್ಲಿ ಅಳಿಸಕ್ಕೆ ಕೈ ಬರ್ನಿಲ್ಲ. ನೀನೇ ನೋಡು. ನಾನ್ ಆ ಕಡೆ ತಿರುಕ್ಕತೀನಿ."

ಲ್ಯಾಬಿನ ದೊಡ್ಡ ಪರದೆಯ ಮೇಲೆ ಹಾಕಿದೆ. ಮೊದಲಿನವು ಎಲ್ಲ ಮದುವೆ ಮಕ್ಕಳ ಚಿತ್ರಗಳಂತೆಯೇ. ಹಳದಿ ಸೀರೆ, ನಗು, ಹುಲ್ಲು. ಆಮೇಲೆ ಬಂಡೆ ಬಂತು. ದೂರದಲ್ಲಿ ಬೆನ್ನು ಮಾಡಿ ನಿಂತ ಹುಡುಗ, ಮುಂದೆ ವೀಣ. ಅವಳ ಕಾಲು ಜಾರಿತು. ಮುಂದಿನದರಲ್ಲಿ ಸೊಂಟದವರೆಗೆ ನೀರು. ಅದರ ಮುಂದಿನದರಲ್ಲಿ ಎದೆಯವರೆಗೆ. ಆಮೇಲೆ ಕೊರಳು. ಬಂಡೆ ಮಸುಕು, ನೀರು ಮಸುಕು, ಹುಡುಗನ ಬೆನ್ನು ಒಂದು ಬಿಳಿ ಕಲೆ ಅಷ್ಟೇ. ಪ್ರತಿ ಚಿತ್ರದಲ್ಲೂ ಸ್ಪಷ್ಟವಾಗಿದ್ದದ್ದು ಒಂದೇ, ಅವಳ ಕಣ್ಣು. ರೆಪ್ಪೆಗೆ ಅಂಟಿದ ಹನಿ ಕೂಡ ಕಾಣುತ್ತಿತ್ತು. ಅಂಥ ಫೋಕಸ್ಸನ್ನು ನನ್ನ ಜನ್ಮದಲ್ಲಿ ನಾನು ಕಂಡಿಲ್ಲ, ಕಾಣುವುದೂ ಬೇಡ.

ಅವಳು ಹುಡುಗನ ಕಡೆ ನೋಡುತ್ತಿರಲಿಲ್ಲ. ಕೂಗುತ್ತಲೂ ಇರಲಿಲ್ಲ. ಬಾಯಿ ಅರ್ಧ ತೆರೆದಿತ್ತು, ಉಸಿರಿಗೆ. ಅವಳು ನೇರವಾಗಿ ಇತ್ತ ನೋಡುತ್ತಿದ್ದಳು. ಎಡಕ್ಕೆ ಸರಿದು ಕೂತೆ, ಆಗಲೂ ನನ್ನನ್ನೇ ನೋಡುತ್ತಿದ್ದಳು. ಕಣ್ಣನ್ನು ದೊಡ್ಡದು ಮಾಡಿದಾಗ ಕರಿಗುಡ್ಡೆಯಲ್ಲಿ ಬಿಳಿ ಆಕಾಶ, ಅದರ ನಡುವೆ ಮೊಣಕೈ ಎತ್ತಿ ನಿಂತ ಸಣ್ಣ ಆಳು ಕಂಡಿತು.

"ಅದು ನಾನೇ ಕಣಣ್ಣ" ಅಂದ ರಘು, ಗೋಡೆ ನೋಡಿಕೊಂಡೇ. ನಾನು ಯಾವ ಚಿತ್ರ ನೋಡುತ್ತಿದ್ದೇನೆ ಅಂತ ಅವನಿಗೆ ತಿರುಗದೆಯೇ ಗೊತ್ತಿತ್ತು.

ಆಮೇಲೆ ಹೇಳಿದ. ಅವನ ಕೆಲಸದ ರೀತಿಯೇ ಅದು. ಹುಡುಗ ಬೆನ್ನು ಮಾಡಿ ನಿಲ್ಲಬೇಕು, ಕರೆಯುವ ತನಕ ತಿರುಗಬಾರದು. ಹುಡುಗಿ ಹಿಂದೆ ಏನಾದರೂ ತುಂಟಾಟ ಮಾಡಬೇಕು. ತಿರುಗಿದಾಗ ಹುಡುಗನ ಮುಖದಲ್ಲಿ ಬರುವ ಗಾಬರಿ ನಗು ನಿಜವಾದದ್ದು, ಹೇಳಿಕೊಟ್ಟರೆ ಬರುವುದಿಲ್ಲ. ಅವತ್ತು ವೀಣಳಿಗೆ, "ಕಾಲ್ ಜಾರ್ದಂಗೆ ಮಾಡವ್ವ, ನೀರ್ನ ಸದ್ದಾಗ್ಲಿ" ಅಂದಿದ್ದ. ಹರ್ಷನಿಗೆ, "ಏನೇ ಸದ್ದಾದ್ರೂ ತಿರುಗ್ಬ್ಯಾಡ" ಅಂದಿದ್ದ. ಅವಳು ಜಾರಿದಳು. ಇವನು ಎಷ್ಟು ಚೆನ್ನಾಗಿ ಮಾಡುತ್ತಾಳೆ ಅಂದುಕೊಂಡು ಗುಂಡಿ ಒತ್ತಿ ಹಿಡಿದ.

"ಒಳಗಿಂದ ನೋಡ್ತಿದ್ರೆ ಅವ್ಳು ದೂರ ಓಯ್ತಿರೋದೇ ಗೊತ್ತಾಗ್ನಿಲ್ಲ ಅಣ್ಣ. ಚೌಕ ಕಣ್ ಮೇಲೇ ಇತ್ತು. ಅಸ್ರು ಚೌಕ ಇದ್ರೆ ಎಲ್ಲಾ ಸರಿಯಾಗೈತೆ ಅಂತ ಅಲ್ವಾ? ನಿನ್ ಕ್ಯಾಮೆರಾ ಆಗಿದ್ದಿದ್ರೆ ತಪ್ಪೋಗ್ತಿತ್ತು. ಥೂ ಅಂತ ಕೆಳಗಿಳಿಸಿ ನೋಡ್ತಿದ್ದೆ. ಅವ್ಳು ಬದುಕ್ಕಳೋಳು."

ನನ್ನ ಕ್ಯಾಮೆರಾಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು. ನಾನು ಪರದೆ ಆರಿಸಿದೆ.

"ಈಗ್ಲೂ ಬತ್ತದೆ" ಅಂದ. "ಕಣ್ ಮುಚ್ಚುದ್ರೂ ಬತ್ತದೆ. ಮೊದ್ಲು ಚೌಕ ಬತ್ತದೆ, ಆಮೇಲೆ ಅದ್ರೊಳಗೆ ಕಣ್ ಬತ್ತದೆ. ನಿನ್ನೆ ನಾಲೆ ಸೇತ್ವೆ ಮೇಲೆ ಗಾಡಿ ನಿಲ್ಲಿಸ್ಬುಟ್ಟೆ. ನೀರ್ ತುಂಬಾ ಚೌಕಗಳು."

"ಅದೆಲ್ಲ ಇರ್ಲಿ. ಆ ಉಡ್ಗನ ಗತಿ ಏನ್ಲಾ?"

"ಮಾದೇವಮ್ಮಂಗೆ ಇದ್ನ ಎಂಗಣ್ಣ ತೋರ್ಸದು? ಎದೆ ಒಡ್ಕಂಡ್ ಸತ್ತೋಗಕಿಲ್ವಾ?"

ನನಗೆ ಆಗ ಸಿಟ್ಟು ಯಾರ ಮೇಲೆ ಅಂತ ಖಾತ್ರಿಯಾಯಿತು. "ಆ ಯಮ್ಮನ ಎಸ್ರೇಳ್ಕಂಡು ನಿನ್ ತಲೆ ಉಳಿಸ್ಕಬ್ಯಾಡ" ಅಂತ ಕೂಗಿದೆ. "ಬದುಕಿರೋ ಉಡ್ಗನ್ನ ದಿನಾ ಸಾಯಿಸ್ತಾವ್ರೆ. ನಿನ್ ಒಂದ್ ಮಾತ್ನಿಂದ. ಫೋಕಸ್ ತಪ್ತು ಅಂದ್ಯಲ್ಲ, ನಾಲ್ಗೆ ಎಂಗ್ ತಿರುಗ್ತಲಾ ನಿಂಗೆ?"

ಅವನು ಹಳೆಯ ಕ್ಯಾಮೆರಾವನ್ನು ಮೆಲ್ಲಗೆ ಮೂಲೆಯಲ್ಲಿಟ್ಟ. ಗೋಡೆ ನೋಡುತ್ತಿದ್ದ ತನ್ನದನ್ನು ಎತ್ತಿಕೊಂಡು, ಕಾರ್ಡು ಒಳಗೆ ಹಾಕಿ, ಹಳದಿ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. "ನೀನೂ ಬಾ ಅಣ್ಣ. ಒಬ್ನೇ ಓದ್ರೆ ನಾಲೆ ತಾವ ವಾಪಸ್ ತಿರುಕ್ಕಬುಡ್ತೀನಿ" ಅಂದ.

ನನ್ನ ಬೈಕಿನಲ್ಲೇ ಹೋದೆವು. ದಾರಿಯುದ್ದಕ್ಕೂ ಅವನು ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ಕೂತಿದ್ದ. ಗದ್ದೆಗೆ ನೀರು ಬಿಟ್ಟಿದ್ದರು, ರಸ್ತೆಯ ಎರಡೂ ಕಡೆ ಹೊಳೆಯುತ್ತಿತ್ತು. "ಮಾದೇವಮ್ಮಂಗೆ ನೀನೇ ಏಳ್ಬುಡಣ್ಣ" ಅಂತ ಒಂದು ಸಲ ಅಂದ. "ನಾನ್ಯಾಕ್ಲಾ ಏಳ್ಲಿ?" ಅಂದೆ.

ಬೆಸಗರಹಳ್ಳಿಯ ಆ ಮನೆಯ ಜಗುಲಿಯ ಮೇಲೆ ಮಹದೇವಮ್ಮ ಗೋಡೆಗೊರಗಿ ಕೂತಿದ್ದರು. ಅಂಕಯ್ಯ ಆಗತಾನೇ ಮದ್ದೂರಿನಿಂದ ಬಂದು ನೀರು ಕುಡಿಯುತ್ತಿದ್ದರು.

"ಯಾರಪ್ಪ? ಪೋಟೋದವ್ನಾ?" ಅಂದರು ಮಹದೇವಮ್ಮ. "ಪೋಕಸ್ಸೋ ಏನೋ ತಪ್ತಂತಲ್ಲ."

ರಘು ಜಗುಲಿಯ ಕೆಳಗೆ, ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ. "ತಪ್ಪಿರ್ನಿಲ್ಲ ಕಣವ್ವ" ಅಂದ. "ಸುಳ್ ಏಳ್ದೆ. ಆ ಉಡ್ಗನ್ನ ತಿರುಗ್ಬ್ಯಾಡ ಅಂದಿದ್ದು ನಾನೇ. ವೀಣಂಗೆ ಜಾರ್ದಂಗೆ ಮಾಡು ಅಂದಿದ್ದೂ ನಾನೇ. ಅವ್ಳು ಕೂಗ್ನಿಲ್ಲ. ಅವ್ನಿಗೆ ಗೊತ್ತಾಗೋ ದಾರಿನೇ ಇರ್ನಿಲ್ಲ. ನಾನ್ ನೋಡ್ತಿದ್ದೆ. ಆಟ ಆಡ್ತಾವ್ಳೆ ಅನ್ಕಂಡು ತಗೀತಾನೇ ಇದ್ದೆ."

ಅಂಕಯ್ಯನ ಕೈಯ ಚೊಂಬು ಬಿತ್ತು. ಅವರು ಎರಡೇ ನೆಗೆತಕ್ಕೆ ಬಂದು ಅವನ ಕೊರಳ ಪಟ್ಟಿ ಹಿಡಿದು ಎತ್ತಿದರು. ಬಿಡಿಸಲು ನಾನು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಎರಡು ಬೀಳಲಿ ಅಂತಲೇ ಇತ್ತು ನನಗೆ.

"ಬುಡ್ಲಾ ಅಂಕ" ಅಂದರು ಮಹದೇವಮ್ಮ. ದನಿ ಏರಿರಲಿಲ್ಲ. "ತಗ್ದಿದ್ದೀನಿ ಅಂದ್ನಲ್ಲ, ತೋರ್ಸ್ಲಿ."

ರಘು ಬೇಡ ಅಂದ, ಕಾಲು ಹಿಡಿದ, ಮಾತಲ್ಲಿ ಹೇಳ್ತೀನಿ ಕಣವ್ವ ಅಂದ. ಆಕೆ ಕೈ ಚಾಚಿಕೊಂಡೇ ಇದ್ದರು. ಕೊನೆಗೆ ಅವನು ಕ್ಯಾಮೆರಾ ಕೊಟ್ಟು, ಚಿತ್ರ ಮುಂದೆ ಸರಿಸುವ ಗುಂಡಿ ತೋರಿಸಿದ. ಕಳೆ ಕಿತ್ತು ಗಟ್ಟಿಯಾದ ಹೆಬ್ಬೆರಳಿನಿಂದ ಆಕೆ ಒಂದೊಂದನ್ನೇ ಸರಿಸಿದರು. ನಗುವಿನ ಚಿತ್ರಗಳನ್ನು ಬೇಗ ದಾಟಿದರು. ಬಂಡೆಯ ಹತ್ತಿರ ಬಂದ ಮೇಲೆ ಹೆಬ್ಬೆರಳು ನಿಧಾನವಾಯಿತು. ಆಕೆ ಅಳಲಿಲ್ಲ. ಮಗಳು ಏನೋ ಹೇಳುತ್ತಿದ್ದಾಳೆ, ಕೇಳಿಸಿಕೊಳ್ಳಬೇಕು ಅನ್ನುವಂತೆ ಆ ಸಣ್ಣ ಪರದೆಗೆ ಮುಖ ಹತ್ತಿರ ತಂದರು. ಕೊನೆಯದರ ತನಕ ಹೋದರು, ಮತ್ತೆ ಹಿಂದಕ್ಕೆ ಬಂದರು. ಇಂಥದ್ದನ್ನು ನೋಡಲು ನಾನು ಬಂದೆನಲ್ಲ ಅಂತ ನನ್ನನ್ನೇ ಬೈದುಕೊಂಡೆ.

"ಇದ್ನ ಯಾವಾಗ ಕೆಳಗಿಳಿಸ್ದೆ?" ಅಂತ ಕೇಳಿದರು, ಕ್ಯಾಮೆರಾ ಅಲ್ಲಾಡಿಸಿ.

"ಚೌಕ ಓದ್ಮೇಲೆ ಕಣವ್ವ."

"ಯಾವ್ ಚೌಕ?"

"ಮುಖ ಇದ್ರೆ ಒಳಗೆ ಒಂದ್ ಚೌಕ ಕಾಣ್ತದೆ. ಮುಖ ಮುಳುಗ್ತು, ಚೌಕ ಓಯ್ತು. ಆವಾಗ ಇಳಿಸಿ ನೋಡ್ದೆ. ಬರೀ ನೀರಿತ್ತು."

ಮನೆಯೊಳಗೆ ಯಾರೋ ಹೆಂಗಸು ಬಿಕ್ಕಿದ್ದು ಕೇಳಿಸಿತು. ಮಹದೇವಮ್ಮ ಚಿತ್ರಗಳನ್ನು ಮತ್ತೆ ಸರಿಸಿ, ನೀರು ಕೊರಳಿಗೆ ಬಂದಿದ್ದ ಒಂದರ ಮೇಲೆ ನಿಲ್ಲಿಸಿ, ನನ್ನ ಕಡೆ ಹಿಡಿದರು.

"ನೀನೇ ಅಲ್ವಾ ಪೋಟೋಗೆ ಕಟ್ಟಾಕೋದು? ಇದ್ನ ದೊಡ್ಡದು ಮಾಡ್ಕೊಡಪ್ಪ. ತಿಥಿಗೆ."

"ಅವ್ವ, ಬ್ಯಾಡ ಕಣವ್ವ" ಅಂತ ರಘು ಅತ್ತುಬಿಟ್ಟ. "ನಗ್ತಿರೋದು ಬೇಕಾದಷ್ಟವೆ. ಇದು ಬ್ಯಾಡ. ಎಲ್ಲೋದ್ರೂ ನೋಡ್ತಾಳೆ."

ಆಕೆ ಅವನ ಮುಖವನ್ನು ಅಷ್ಟು ಹೊತ್ತಿಗೆ ಮೊದಲ ಸಲ ನೋಡಿದರು. "ನೋಡ್ತಾವ್ಳೆ, ಊಂ" ಅಂದರು. "ಯಾರಾದ್ರೂ ನನ್ನ ನೋಡ್ಲಿ ಅಂತ ನೋಡ್ತಾವ್ಳೆ. ಎದುರ್ಗೆ ನಿಂತ್ಕಂಡ್ ನೀನ್ ನೋಡ್ನಿಲ್ಲ. ನಾವ್ ನೋಡ್ತೀವಿ."

ಆಮೇಲೆ ತಮ್ಮನ ಕಡೆ ತಿರುಗಿ, "ಅಂಕ, ಆ ಉಡ್ಗನ ಮನೇಗೋಗು. ನೀನೇ ಓಗಿ ಕರ್ಕಂಡ್ ಬಾ. ಅಕ್ಕ ಕರುದ್ಲು ಅನ್ನು. ಎಲ್ರ ಮುಂದೆ ಕರಿ, ಬೀದೀಲಿ ನಿಂತ್ಕಂಡು" ಅಂದರು. ಅಂಕಯ್ಯ ರಘುವಿನ ಕಡೆ ಒಮ್ಮೆ ಉಗಿದು, ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಆ ಚಿತ್ರವನ್ನು ನಾನೇ ಪ್ರಿಂಟು ಹಾಕಿದೆ. ಬಣ್ಣ ತಿದ್ದಲಿಲ್ಲ, ಒಂದು ಹನಿಯನ್ನೂ ಅಳಿಸಲಿಲ್ಲ. ಕಟ್ಟು ಹಾಕುವಾಗ ಮೇಜಿನ ಮೇಲೆ ಬೋರಲು ಹಾಕಿಯೇ ಮೊಳೆ ಹೊಡೆದೆ. ಧೈರ್ಯಸ್ಥ ಅಂತ ಹೆಸರಿದ್ದವನು ನಾನು.

ತಿಥಿಯ ದಿನ ಪಡಸಾಲೆಯಲ್ಲಿ ಫೋಟೋ ಇಟ್ಟು, ಹಾರ ಹಾಕಿ, ಮುಂದೆ ಅವಳಿಗಿಷ್ಟವಾದ ಒಬ್ಬಟ್ಟು, ಚಕ್ಕುಲಿಯ ಎಡೆ ಇಟ್ಟಿದ್ದರು. ಹರ್ಷ ಬಂದ. ಮುಖದ ಮೇಲಿನ ಬಂಡೆಯ ತರಚು ಇನ್ನೂ ಮಾಗಿರಲಿಲ್ಲ. ಹೂವು ಹಾಕುವಾಗ ತಲೆ ಎತ್ತಿ ಚಿತ್ರ ನೋಡಿದವನು, ಅಲ್ಲಿಯೇ ಮಂಡಿಯೂರಿ ಕೂತು, "ನಾನ್ ತಿರುಗ್ಬೇಕಿತ್ತು" ಅಂತ ಒಂದೇ ಮಾತು ಹೇಳಿದ. ಮಹದೇವಮ್ಮ ಅವನ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಬಸ್ಸಿನಲ್ಲಿ ಉಗಿದ ಜನರಲ್ಲಿ ಕೆಲವರಾದರೂ ಅಲ್ಲಿದ್ದರು. ತಲೆ ತಗ್ಗಿಸಿ ಹಿಂದೆ ಸರಿದರು.

ಏನೂ ಗೊತ್ತಿಲ್ಲದ ದೂರದ ನೆಂಟರು ಫೋಟೋ ಮುಂದೆ ನಿಂತು, "ನೀರಾಟ ಆಡ್ವಾಗ ತಗ್ದಿದ್ದಾ? ಎಷ್ಟ್ ಸೆಂದಾಗಿ ಬಂದದೆ, ನಮ್ಮನ್ನೇ ನೋಡ್ದಂಗೆ" ಅಂತ ಮಾತಾಡಿಕೊಂಡರು. ರಘು ಹೊರಗೆ ಚಪ್ಪರದ ಕಂಬದ ಹಿಂದೆ ನಿಂತಿದ್ದ. ಕ್ಯಾಮೆರಾ ತಂದಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಕಂಬವನ್ನು ತಬ್ಬಿಕೊಂಡಿದ್ದ.

ಊಟಕ್ಕೆ ಎಲೆ ಹಾಕಿದಾಗ ಮಹದೇವಮ್ಮ ಹೊರಗೆ ಬಂದು ಅವನ ರಟ್ಟೆ ಹಿಡಿದು ಒಳಗೆ ಕರೆತಂದರು. ಗದರಲಿಲ್ಲ. ಫೋಟೋಗೆ ನೇರ ಎದುರಾಗಿ ಒಂದು ಎಲೆ ಹಾಕಿಸಿದರು.

"ಇಲ್ಲಿ ಕೂತ್ಕೊ. ತಲೆ ಎತ್ತು. ಅವ್ಳನ್ನ ನೋಡ್ಕಂಡು ಉಣ್ಣು."

ಅವನು ಕೂತ. ಆಕೆ ಪಕ್ಕದಲ್ಲೇ ನಿಂತು, ಅನ್ನ ಬಡಿಸಿ, ಸಾರು ಹಾಕಿ, ಅವನ ಕಣ್ಣು ಕೆಳಗಿಳಿದಾಗಲೆಲ್ಲ "ಊಂ" ಅಂದರು. ನಾನು ಪಕ್ಕದ ಸಾಲಿನಲ್ಲಿದ್ದೆ, ಅರ್ಧಕ್ಕೇ ಎಲೆ ಮಡಿಸಿದೆ. ಅವನು ಮಾತ್ರ ತಲೆ ಎತ್ತಿಕೊಂಡೇ, ಎಲೆ ಖಾಲಿಯಾಗುವ ತನಕ ಉಂಡ.